ಗುರುವಿನ ಹೆಸರಿನ ಪುಸ್ತಕ

ಪಾಠಕ್ಕೆ ಬಂದ ಪ್ರೊಫೆಸರ್ ಎತ್ತರದ ಮೇಜಿನ ಮುಂದೆ ವಿದ್ಯಾರ್ಥಿಗಳಿಗೆ ಎದುರಾಗಿ ಕೂರುತ್ತಿದ್ದರು. ಕನ್ನಡಕ ಹಣೆಗೇರುತ್ತಿತ್ತು, ತಲೆ ಎರಡೂ ಅಂಗೈಗಳಿಗೆ ಒರಗುತ್ತಿತ್ತು, ಕಣ್ಣು ಮುಚ್ಚುತ್ತಿತ್ತು. ಮುಂದೆ ಒಂದು ಚೀಟಿಯೂ ಇಲ್ಲ. ಅಂಗೈಯೊಳಗೆ ಬೇರೆ ಯಾರಿಗೂ ಕಾಣದ ಲೆಕ್ಕವೊಂದನ್ನು ನೋಡಿ ಓದಿ ಹೇಳುತ್ತಿರುವಂತಿತ್ತು ಎಂದು, 1850ರ ದಶಕದ ಆರಂಭದಲ್ಲಿ ಬರ್ಲಿನ್‌ನಲ್ಲಿ ಆ ಪಾಠ ಕೇಳಿದ ಇಂಗ್ಲಿಷ್ ಗಣಿತಜ್ಞ ಥಾಮಸ್ ಹರ್ಸ್ಟ್ ದಿನಚರಿಯಲ್ಲಿ ಬರೆದಿಟ್ಟರು. ಆ ಪ್ರೊಫೆಸರ್ ಪೀಟರ್ ಗುಸ್ಟಾವ್ ಲೆಜೂನ್ ಡಿರಿಕ್ಲೆ.

1855ರಲ್ಲಿ ಗೌಸ್ ತೀರಿಕೊಂಡ ಮೇಲೆ ಡಿರಿಕ್ಲೆ ಅವರ ಸ್ಥಾನಕ್ಕೆ ಗಟ್ಟಿಂಗೆನ್‌ಗೆ ಬಂದರು. ಅವರ ತರಗತಿಯಲ್ಲಿ ಕೂತವರಲ್ಲಿ ರಿಚರ್ಡ್ ಡೆಡೆಕಿಂಡ್ ಒಬ್ಬರು. ಗೌಸ್ ಹುಟ್ಟಿದ ಬ್ರೌನ್‌ಷ್ವೈಗ್ ಊರಿನವರೇ. 1852ರಲ್ಲಿ ಗೌಸ್ ಬಳಿಯೇ ಡಾಕ್ಟರೇಟ್ ಪಡೆದು, ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. ಆದರೂ ಮತ್ತೆ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕೂತರು. 1856–57ರ ಚಳಿಗಾಲದಲ್ಲಿ ಡಿರಿಕ್ಲೆ ಹೇಳಿದ ಸಂಖ್ಯಾಸಿದ್ಧಾಂತದ ಪಾಠಗಳನ್ನು ಬರೆದಿಟ್ಟುಕೊಂಡರು.

1859ರ ಮೇ ತಿಂಗಳಲ್ಲಿ ಡಿರಿಕ್ಲೆ ಹೃದಯರೋಗದಿಂದ ತೀರಿಕೊಂಡರು. ವಯಸ್ಸು 54. ಪಾಠವೆಲ್ಲ ಬಾಯಿಮಾತಿನಲ್ಲೇ ಇತ್ತು. ಉಳಿದದ್ದು ಶಿಷ್ಯರ ಟಿಪ್ಪಣಿ. ಆ ಟಿಪ್ಪಣಿಯನ್ನು ತಿದ್ದಿ ತೀಡಿ, ಡೆಡೆಕಿಂಡ್ 1863ರಲ್ಲಿ ‘ಸಂಖ್ಯಾಸಿದ್ಧಾಂತದ ಉಪನ್ಯಾಸಗಳು’ ಎಂಬ ಜರ್ಮನ್ ಪುಸ್ತಕವನ್ನು ಬ್ರೌನ್‌ಷ್ವೈಗ್‌ನಲ್ಲೇ ಅಚ್ಚು ಹಾಕಿಸಿದರು. ಲೇಖಕರ ಹೆಸರು ಡಿರಿಕ್ಲೆ.

ಅದರೊಳಗಿನ ಒಂದು ಸಮಸ್ಯೆ ಭಾರತಕ್ಕೆ ಹಳೆಯ ಪರಿಚಯದ್ದು. 61ನ್ನು ಯಾವ ವರ್ಗಸಂಖ್ಯೆಯಿಂದ ಗುಣಿಸಿ 1 ಕೂಡಿಸಿದರೆ ಇನ್ನೊಂದು ವರ್ಗಸಂಖ್ಯೆ ಬರುತ್ತದೆ? 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ಚಕ್ರವಾಳ ವಿಧಾನದಿಂದ ಇದನ್ನು ಬಿಡಿಸಿದ್ದರು: 22,61,53,980ರ ವರ್ಗದಿಂದ ಗುಣಿಸಿ 1 ಕೂಡಿಸಿದರೆ 1,76,63,19,049ರ ವರ್ಗ ಸಿಗುತ್ತದೆ. 61ರ ಜಾಗದಲ್ಲಿ ವರ್ಗವಲ್ಲದ ಯಾವ ಸಂಖ್ಯೆ ಇಟ್ಟರೂ ಉತ್ತರ ಇದ್ದೇ ಇರುತ್ತದೆ ಎನ್ನುವುದಕ್ಕೆ ಡಿರಿಕ್ಲೆ ಕೊಟ್ಟ ಸಾಧನೆ ತೀರಾ ಸರಳವಾದ ಮಾತಿನ ಮೇಲೆ ನಿಂತಿದೆ. ಗೂಡುಗಳಿಗಿಂತ ಪಾರಿವಾಳಗಳು ಹೆಚ್ಚಿದ್ದರೆ ಒಂದು ಗೂಡಿನಲ್ಲಾದರೂ ಎರಡು ಇರಲೇಬೇಕು.

ಆದರೆ ಈ ಪುಸ್ತಕ ಗಣಿತದ ದಾರಿಯನ್ನೇ ಬದಲಿಸಿದ್ದು 1871ರ ಎರಡನೇ ಮುದ್ರಣದಿಂದ, ಅದೂ ಕೊನೆಗೆ ಸೇರಿಸಿದ ಅನುಬಂಧದಿಂದ.

ಶಾಲೆಯಲ್ಲಿ ಕಲಿತದ್ದು ನೆನಪಿರಬಹುದು: ಯಾವುದೇ ಪೂರ್ಣಾಂಕವನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯಲು ಒಂದೇ ದಾರಿ. 6 ಎಂದರೆ 2×3, ಅಷ್ಟೇ. ಈಗ ಲೆಕ್ಕದೊಳಕ್ಕೆ √−5 ಅನ್ನು ಬಿಟ್ಟುಕೊಳ್ಳೋಣ. (1+√−5)×(1−√−5) ಎಂದರೆ 1+5, ಅಂದರೆ ಅದೂ 6! ಈ ನಾಲ್ಕು ಅಪವರ್ತನಗಳಲ್ಲಿ ಯಾವುದನ್ನೂ ಮತ್ತೆ ಒಡೆಯಲು ಬರುವುದಿಲ್ಲ. ಒಂದೇ ಸಂಖ್ಯೆಗೆ ಎರಡು ವಂಶಾವಳಿ ಬಂದಂತಾಯಿತು. 1847ರಲ್ಲಿ ಪ್ಯಾರಿಸ್ಸಿನ ಅಕಾಡೆಮಿಯಲ್ಲಿ ಫರ್ಮಾನ ಕೊನೆಯ ಪ್ರಮೇಯವನ್ನು ಸಾಧಿಸಿದೆನೆಂದು ಗೇಬ್ರಿಯಲ್ ಲಾಮೆ ಘೋಷಿಸಿ ಎಡವಿದ್ದು ಇಂಥದೇ ಕಲ್ಲಿಗೆ. ಅರ್ನ್‌ಸ್ಟ್ ಕುಮ್ಮರ್ ಅದಕ್ಕೆ ಮೊದಲೇ ಈ ತೊಡಕನ್ನು ಗುರುತಿಸಿ, ಕಣ್ಣಿಗೆ ಕಾಣದ ‘ಆದರ್ಶ ಸಂಖ್ಯೆ’ಗಳು ಭಾಗಿಸುತ್ತಿವೆ ಎಂದು ಭಾವಿಸಿಕೊಂಡು ಲೆಕ್ಕ ಮುಂದುವರಿಸಿದ್ದರು.

ಕಾಣದ ಭಾಜಕವನ್ನು ಹುಡುಕುವುದೇಕೆ, ಅದು ಭಾಗಿಸುವ ಎಲ್ಲ ಸಂಖ್ಯೆಗಳನ್ನೂ ಗುಂಪಾಗಿ ಹಿಡಿದರೆ ಸಾಲದೇ ಎಂದು ಕೇಳಿಕೊಂಡರು ಡೆಡೆಕಿಂಡ್. ಆ ಗುಂಪಿಗೆ ಎರಡೇ ನಿಯಮ. ಒಳಗಿನ ಎರಡನ್ನು ಕೂಡಿದರೂ ಕಳೆದರೂ ಉತ್ತರ ಒಳಗೇ ಇರಬೇಕು. ಒಳಗಿನದನ್ನು ಹೊರಗಿನ ಯಾವ ಪೂರ್ಣಾಂಕದಿಂದ ಗುಣಿಸಿದರೂ ಒಳಗೇ ಉಳಿಯಬೇಕು. ಕುಮ್ಮರ್ ಮೇಲಿನ ಗೌರವದಿಂದ ಅದಕ್ಕೆ ‘ಐಡಿಯಲ್’ ಎಂದು ಹೆಸರಿಟ್ಟರು. ಈಗ 6ರ ಜಗಳ ತೀರುತ್ತದೆ. ಪ, ಕ, ಗ ಎಂಬ ಮೂರು ಅವಿಭಾಜ್ಯ ಐಡಿಯಲ್‌ಗಳಿವೆ. 2 ಎಂದರೆ ಪ×ಪ, 3 ಎಂದರೆ ಕ×ಗ. 1+√−5 ಎಂದರೆ ಪ×ಕ, 1−√−5 ಎಂದರೆ ಪ×ಗ. ಯಾವ ದಾರಿಯಿಂದ ಬಂದರೂ 6 ಎಂದರೆ ಪ×ಪ×ಕ×ಗ.

ಇಷ್ಟು ದೊಡ್ಡ ಶೋಧವನ್ನು ಅವರು ತಮ್ಮ ಹೆಸರಿನ ಬೇರೆ ಗ್ರಂಥವಾಗಿ ತರಲಿಲ್ಲ, ಗುರುವಿನ ಪುಸ್ತಕದ ಬೆನ್ನಿಗೆ ಕಟ್ಟಿದರು. ಓದುಗರು ವಿರಳ. ಯಾರಿಗೂ ಇದು ಬೇಕಿಲ್ಲವೇನೋ ಎಂದು ಅವರು ಕೈಚೆಲ್ಲುವ ಹೊತ್ತಿಗೆ, 1876ರಲ್ಲಿ ಬಾನ್‌ನಿಂದ ರುಡಾಲ್ಫ್ ಲಿಪ್‌ಶಿಟ್ಸ್ ಪತ್ರ ಬರೆದು, ಫ್ರೆಂಚ್ ಪತ್ರಿಕೆಯೊಂದಕ್ಕೆ ಇದನ್ನು ವಿವರಿಸಿ ಬರೆಯಲು ಕೇಳಿದರು. ಡೆಡೆಕಿಂಡ್ ಎಲ್ಲವನ್ನೂ ಹೊಸದಾಗಿ ಬರೆದರು. 1879ರ ಮೂರನೇ ಮುದ್ರಣಕ್ಕೆ ಮತ್ತೊಮ್ಮೆ, 1894ರ ನಾಲ್ಕನೆಯದಕ್ಕೆ ಇನ್ನೊಮ್ಮೆ. ಪ್ರತಿ ಸಲವೂ ಲೆಕ್ಕದ ಗೋಜಲು ಕಡಿಮೆಯಾಗಿ, ಪರಿಕಲ್ಪನೆ ತಿಳಿಯಾಗುತ್ತ ಹೋಯಿತು. ಇಷ್ಟೂ ಕೆಲಸ ನಡೆದದ್ದು ಹುಟ್ಟೂರಿನ ಪಾಲಿಟೆಕ್ನಿಕ್‌ನ ಪಾಠದ ಜೊತೆಜೊತೆಗೆ. 1862ರಲ್ಲಿ ಅಲ್ಲಿಗೆ ಸೇರಿದವರು ದೊಡ್ಡ ವಿಶ್ವವಿದ್ಯಾಲಯಗಳತ್ತ ಹೊರಳಲಿಲ್ಲ. ಮದುವೆಯಾಗಲಿಲ್ಲ, ಲೇಖಕಿಯಾಗಿದ್ದ ಅಕ್ಕ ಯೂಲಿಯೆ ಜೊತೆ ಬಾಳಿದರು. ತೀರಿಕೊಂಡದ್ದು 1916ರಲ್ಲಿ.

ಆ ಹೊತ್ತಿಗೆ ಡೇವಿಡ್ ಹಿಲ್ಬರ್ಟ್ 1897ರಲ್ಲಿ ಬರೆದ ಬೃಹತ್ ವರದಿಯೇ ಬೀಜೀಯ ಸಂಖ್ಯಾಸಿದ್ಧಾಂತದ ಹೆಬ್ಬಾಗಿಲಾಗಿತ್ತು. ಗಟ್ಟಿಂಗೆನ್‌ನಲ್ಲಿ ಎಮ್ಮಿ ನೋಯ್ಟರ್ ಮಾತ್ರ ಹಳೆಯ ಬಾಗಿಲನ್ನೇ ತೋರಿಸುತ್ತಿದ್ದರು. ತಮ್ಮ ಶೋಧಗಳನ್ನು ಯಾರಾದರೂ ಹೊಗಳಿದರೆ, ಇದೆಲ್ಲ ಡೆಡೆಕಿಂಡ್ ಬಳಿ ಆಗಲೇ ಇದೆ ಎನ್ನುತ್ತಿದ್ದರು. 1930–32ರಲ್ಲಿ ಡೆಡೆಕಿಂಡ್ ಸಮಗ್ರ ಕೃತಿಗಳ ಮೂರು ಸಂಪುಟಗಳನ್ನು ಸಂಪಾದಿಸಿದ ಮೂವರಲ್ಲಿ ಅವರೂ ಒಬ್ಬರು. ಐಡಿಯಲ್ ಸಿದ್ಧಾಂತವನ್ನು ಕೊನೆಯ ಮುದ್ರಣದಲ್ಲಷ್ಟೇ ಓದಿದರೆ ಸಾಲದು, ಎಲ್ಲ ರೂಪಗಳನ್ನೂ ಓದಿ ಬನ್ನಿ ಎಂದು ಶಿಷ್ಯರನ್ನು ಕಳಿಸುತ್ತಿದ್ದರು. ಹಾಗೆ ಹೋಗಿ 1894ರ ಪ್ರತಿಯನ್ನು ತೆರೆದವರಿಗೆ ಮುಖಪುಟದಲ್ಲಿ ಮೊದಲು ಕಾಣುತ್ತಿದ್ದದ್ದು ಡಿರಿಕ್ಲೆ ಹೆಸರು. ಅದರ ಕೆಳಗೆ, ಸಂಪಾದಿಸಿ ಅನುಬಂಧ ಸೇರಿಸಿದವರು ರಿ. ಡೆಡೆಕಿಂಡ್ ಎಂಬ ಸಾಲು.