ಒಂದೇ ಗೋಡೆಗೆ ಎರಡು ಬಾಗಿಲು



ವೈದ್ಯರಾದ ನಾವು ಮನೆಯೊಂದರ ಅಂದಕ್ಕಿಂತ ಮೊದಲು ಅದರ ಗಾಳಿ, ಬೆಳಕು, ಚರಂಡಿಗಳನ್ನು ಗಮನಿಸುತ್ತೇವೆ. ಈ ದೃಷ್ಟಿಯಿಂದಲೇ ಹುಟ್ಟಿದ ಮನೆಸಾಲುಗಳು ವಾಷಿಂಗ್ಟನ್ನಿನ ಬೇಟ್ಸ್ ಬೀದಿಯಲ್ಲಿವೆ.

ಅಂತರ್ಯುದ್ಧದ ತರುವಾಯ ಈ ನಗರಕ್ಕೆ ಬಂದ ಬಡವರು, ಬಹುಪಾಲು ಆಫ್ರಿಕನ್ ಅಮೆರಿಕನ್ನರು, ದೊಡ್ಡ ಮನೆಗಳ ಹಿಂದಿನ ಸಂದಿಗಳಲ್ಲಿ ಕಿಕ್ಕಿರಿದು ಬಾಳಿದರು. ಅಲ್ಲಿನ ರೋಗರುಜಿನಗಳು ವೈದ್ಯರನ್ನು ಕಾಡಿದವು. 1897ರಲ್ಲಿ ವಾಷಿಂಗ್ಟನ್ ಸ್ಯಾನಿಟರಿ ಇಂಪ್ರೂವ್‌ಮೆಂಟ್ ಕಂಪೆನಿ ಸ್ಥಾಪಿತವಾದಾಗ ಅದರ ಬೆನ್ನಿಗೆ ನಿಂತವರು ಇಬ್ಬರು ವೈದ್ಯರು: ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಜಾರ್ಜ್ ಕೋಬರ್ ಮತ್ತು ಸೈನ್ಯದ ಸರ್ಜನ್ ಜನರಲ್ ಜಾರ್ಜ್ ಸ್ಟರ್ನ್‌ಬರ್ಗ್. ಲಾಭಾಂಶ ಶೇಕಡಾ 5ನ್ನು ಮೀರಬಾರದೆಂದು ಅವರೇ ಕಟ್ಟು ಹಾಕಿಕೊಂಡರು.

ಮನೆಯ ರಚನೆ ಸರಳ. ಕಿರಿದಾದ ಎರಡಂತಸ್ತಿನ ಕಟ್ಟಡ. ಕೆಳಗೊಂದು ಸಂಸಾರ, ಮೇಲೊಂದು ಸಂಸಾರ. ಇಬ್ಬರಿಗೂ ಬೀದಿಯಿಂದಲೇ ಪ್ರತ್ಯೇಕ ಬಾಗಿಲು, ಪ್ರತ್ಯೇಕ ಬಚ್ಚಲು, ಪ್ರತ್ಯೇಕ ಹಿತ್ತಿಲು. ಬೆಂಗಳೂರಿನ ವಠಾರವೊಂದರಲ್ಲಿ ಒಂದೇ ನಲ್ಲಿಯ ಮುಂದೆ ಕೊಡ ಹಿಡಿದು ನಿಲ್ಲುತ್ತ ಎಂ.ಬಿ.ಬಿ.ಎಸ್. ಓದಿದ ನಮಗೆ ಆ ಎರಡನೆಯ ಬಾಗಿಲಿನ ಬೆಲೆ ಗೊತ್ತು! 1898ರ ಪ್ಲೇಗಿನ ಬಳಿಕ ಅದೇ ಬೆಂಗಳೂರು ಬಸವನಗುಡಿ, ಮಲ್ಲೇಶ್ವರಗಳತ್ತ ಹರಡಿಕೊಂಡಿತು. ಇಲ್ಲಿಯವರು ಇದ್ದ ಜಾಗವನ್ನೇ ಜಾಣತನದಿಂದ ಹಂಚಿದರು.

ಆದರೆ ಹಂಚಿದ್ದು ಯಾರಿಗೆ? ಮೊದಲ ಮನೆಗಳು ದೊರೆತದ್ದು ತಕ್ಕಮಟ್ಟಿನ ಕೂಲಿಯಿದ್ದವರಿಗೆ. ಅವರು ಬಿಟ್ಟ ಮನೆಗಳು ಬಡವರಿಗೆ ಒದಗುವುವೆಂಬ ಲೆಕ್ಕಾಚಾರ ನಮಗಂತೂ ರೋಗಿಯ ನೆಂಟನಿಗೆ ಔಷಧ ಕೊಟ್ಟಂತೆ ತೋರುತ್ತದೆ. ಕಡಿಮೆ ಕೂಲಿಯವರಿಗಾಗಿ 1904ರಲ್ಲಿ ಇನ್ನೊಂದು ಕಂಪೆನಿ ಹುಟ್ಟಿತಾದರೂ ಸಂದಿಯ ವಾಸ ಮುಗಿಯಲಿಲ್ಲ. ಅದನ್ನು ನಿವಾರಿಸಲೆಂದು ಸರಕಾರ 1934ರಲ್ಲೂ ಕಾನೂನು ಮಾಡಬೇಕಾಯಿತು.