ಮನೆಮಾತು, ಊರಮಾತು: ಚಿಕ್ಕಜಾಲದ ಸುತ್ತ ಭಾಷಾ ಬದಲಾವಣೆ ಮತ್ತು ಸಾಮಾಜಿಕ ಗುರುತು

2023ರ ಡಿಸೆಂಬರ್ 27ರಂದು ಕರ್ನಾಟಕ ರಕ್ಷಣಾ ವೇದಿಕೆ ಬೆಂಗಳೂರಿನ ವಿಮಾನ ನಿಲ್ದಾಣದ ರಸ್ತೆಯ ಸಾದಹಳ್ಳಿ ಟೋಲ್‌ನಿಂದ ಕಬ್ಬನ್ ಪಾರ್ಕ್‌ವರೆಗೆ ಮೆರವಣಿಗೆಗೆ ಕರೆ ಕೊಟ್ಟಿತ್ತು. ಅಂಗಡಿ ಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕೆಂಬುದು ಬೇಡಿಕೆ. ಅಂದು ನಗರದ ಹಲವೆಡೆ ಇಂಗ್ಲಿಷ್ ಬೋರ್ಡುಗಳು ಪುಡಿಯಾದವು. ಮುಂದಿನ ಫೆಬ್ರವರಿಯಲ್ಲಿ ವಿಧಾನಮಂಡಲವು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ತಂದು ಆ ಪ್ರಮಾಣವನ್ನು ಕಾನೂನಾಗಿಸಿತು.

ಸಾದಹಳ್ಳಿಯ ಪಕ್ಕದಲ್ಲೇ ಚಿಕ್ಕಜಾಲ. ಇಲ್ಲಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರದವರೆಗೆ ಹಳೆಯ ಒಕ್ಕಲು ಮನೆತನಗಳಲ್ಲಿ ಎಷ್ಟೋ ಕಡೆ ಮನೆಮಾತು ತೆಲುಗು. ಅವರು ಓದಿದ್ದು ಕನ್ನಡ ಶಾಲೆಯಲ್ಲಿ, ಪಹಣಿ ಬರೆಸಿದ್ದು ಕನ್ನಡದಲ್ಲಿ, ಮದುವೆಯ ಲಗ್ನಪತ್ರಿಕೆ ಅಚ್ಚು ಹಾಕಿಸುವುದೂ ಕನ್ನಡದಲ್ಲೇ. ತೆಲುಗು ಅಕ್ಷರ ಓದಲು ಬರುವವರು ವಿರಳ. ಇವರನ್ನು ಯಾರೂ ಹೊರಗಿನವರೆನ್ನುವುದಿಲ್ಲ; ಅವರೂ ತಮ್ಮನ್ನು ಹಾಗೆ ಎಣಿಸಿಕೊಂಡಿಲ್ಲ. ವಿಮಾನ ನಿಲ್ದಾಣದಲ್ಲಿ 108 ಅಡಿ ಎತ್ತರದ ಪ್ರತಿಮೆಯಾಗಿ ನಿಂತಿರುವ ಕೆಂಪೇಗೌಡರ ಹೆಸರಿನಲ್ಲಿ ಪ್ರಚಲಿತವಿರುವ 'ಗಂಗಾಗೌರೀವಿಲಾಸ' ಯಕ್ಷಗಾನವೂ ತೆಲುಗಿನದೇ. ಹಾಗಾದರೆ ಈ ಸೀಮೆಯಲ್ಲಿ 'ನಮ್ಮವರು' ಎಂಬುದನ್ನು ಗೊತ್ತುಮಾಡುವ ಭಾಷೆ ಯಾವುದು, ಅದು ಎಲ್ಲಿ ಕೇಳಿಸಬೇಕು?

ಇದೇ ಬಗೆಯ ಪ್ರಶ್ನೆಗೆ ಜಾವಾ ದ್ವೀಪದಲ್ಲಿ ಬೇರೆಯೇ ಉತ್ತರ ದೊರಕಿದೆ. ಜಾವಾನೀಸ್ ಭಾಷೆಯಲ್ಲಿ ಎದುರಿನವರ ಅಂತಸ್ತಿಗೆ ತಕ್ಕಂತೆ ಪದಗಳೇ ಬದಲಾಗುತ್ತವೆ. ಸರೀಕರ ನಡುವಿನ ಮಾತು 'ಙೋಕೊ', ಮರ್ಯಾದೆಯ ಮಾತು 'ಕ್ರಮ'. ಉಣ್ಣುವುದಕ್ಕೆ ಮೊದಲನೆಯದರಲ್ಲಿ 'ಮಙಾನ್', ಎರಡನೆಯದರಲ್ಲಿ 'ನೆಧಾ', ತೀರ ದೊಡ್ಡವರು ಉಂಡರೆ 'ಧಹರ್'. ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1960ರ ತಮ್ಮ ಗ್ರಂಥದಲ್ಲಿ ಈ ಪದರಗಳನ್ನು ವಿವರವಾಗಿ ದಾಖಲಿಸಿದರು. 1928ರ ಅಕ್ಟೋಬರ್ 28ರಂದು ಯುವಜನರ ಪ್ರತಿಜ್ಞೆಯಲ್ಲಿ ರಾಷ್ಟ್ರೀಯವಾದಿಗಳು ಒಪ್ಪಿಕೊಂಡದ್ದು ಅತಿ ಹೆಚ್ಚು ಜನರಾಡುವ ಜಾವಾನೀಸನ್ನಲ್ಲ, ಬಂದರು ಪೇಟೆಗಳಲ್ಲಿ ಬಳಕೆಯಲ್ಲಿದ್ದ ಮಲಯ್ ಮೂಲದ ಇಂಡೊನೇಷ್ಯನ್ ಭಾಷೆಯನ್ನು. ಅದರಲ್ಲಿ ಬಾಯಿ ತೆರೆಯುವ ಮೊದಲೇ ಎದುರಿನವರ ಅಂತಸ್ತು ಅಳೆಯುವ ಕಷ್ಟವಿರಲಿಲ್ಲ. ನ್ಯಾನ್ಸಿ ಸ್ಮಿತ್-ಹೆಫ್ನರ್ 2009ರಲ್ಲಿ ಪ್ರಕಟಿಸಿದ ಯೋಗ್ಯಕರ್ತಾ ಅಧ್ಯಯನದ ಪ್ರಕಾರ, ಇಂಡೊನೇಷ್ಯನ್‌ನತ್ತ ಹೆಚ್ಚು ವಾಲಿದವರು ಯುವತಿಯರು. ಮಾತಿನ ಮರ್ಯಾದೆಯ ಹೊರೆ ಹೆಚ್ಚಾಗಿ ಹೆಣ್ಣುಮಕ್ಕಳ ಮೇಲೇ ಬೀಳುತ್ತಿದ್ದುದು ಇದಕ್ಕೊಂದು ಕಾರಣ.

ಕನ್ನಡದಲ್ಲಿ ಅಂಥ ಪ್ರತ್ಯೇಕ ಪದಕೋಶವಿಲ್ಲ. ಆದರೂ ಅಂತಸ್ತು ನಾಲಗೆಯಲ್ಲೇ ಗೊತ್ತಾಗುತ್ತಿತ್ತು. 1960ರ ಸುಮಾರಿಗೆ ವಿಲಿಯಂ ಬ್ರೈಟ್ ಬೆಂಗಳೂರಿನ, ವಿಲಿಯಂ ಮೆಕಾರ್ಮ್ಯಾಕ್ ಧಾರವಾಡದ ಜಾತಿ ಉಪಭಾಷೆಗಳನ್ನು ಅಧ್ಯಯನ ಮಾಡಿದರು. ಬೆಂಗಳೂರಿನ ಬ್ರಾಹ್ಮಣರ 'ಇದೆ', 'ಮಾಡೋಕೆ', 'ಕೂತ್ಕೊ' ಒಕ್ಕಲಿಗರ ಬಾಯಲ್ಲಿ 'ಐತೆ', 'ಮಾಡಾಕೆ', 'ಕುಂತ್ಕೊ'. ಹೀಗೆ ಹೋಲಿಸಿದಾಗ ಕಂಡ ಕುತೂಹಲದ ಸಂಗತಿಯೆಂದರೆ, ನಾನೂರು ಕಿಲೋಮೀಟರು ದೂರದ ಎರಡು ಊರುಗಳ ಬ್ರಾಹ್ಮಣರ ಮಾತು 'ಇದೆ', 'ಅದ' ಎಂದು ಬೇರೆಯಾದರೆ, ಬ್ರಾಹ್ಮಣೇತರರ 'ಐತೆ', 'ಐತಿ' ಹೆಚ್ಚುಕಡಿಮೆ ಒಂದೇ. ಮೇಲ್ಜಾತಿಯವರು ಎರವಲು ಪದ, ಎರವಲು ಧ್ವನಿಗಳನ್ನು ತಿಳಿದೇ ತರುತ್ತಾರೆ, ಉಳಿದವರ ಮಾತು ಒಳಗಿನಿಂದ ತಿಳಿಯದೆಯೇ ಮಾರ್ಪಡುತ್ತದೆ ಎಂದು ಬ್ರೈಟ್ ವಾದಿಸಿದರು. ಮುಂದೆ ಎ.ಕೆ. ರಾಮಾನುಜನ್ ಜೊತೆ ಬರೆದ 1964ರ ಲೇಖನದಲ್ಲಿ ಈ ವಾದ ತಿದ್ದುಪಡಿ ಕಂಡಿತು. ಬರಹದ ಪರಂಪರೆ ಬಲವಾಗಿರದ ತುಳುವಿನಲ್ಲಿ ಎರಡೂ ಗುಂಪುಗಳ ಮಾತು ಒಂದೇ ಬಗೆಯಲ್ಲಿ ಬದಲಾಗಿತ್ತು. ಅಂತರ ಹುಟ್ಟಿಸುವುದು ಜಾತಿಗಿಂತ ಅಕ್ಷರ ಎಂಬ ಸೂಚನೆ ಅದರಲ್ಲಿತ್ತು.

ಅಕ್ಷರ ಎಲ್ಲರಿಗೂ ಸಿಕ್ಕಿದ ಮೇಲೆ ಏನಾಯಿತೆಂಬುದಕ್ಕೆ ಯಲಹಂಕ, ಚಿಕ್ಕಜಾಲದ ಸೀಮೆ ಒಳ್ಳೆಯ ಉದಾಹರಣೆ. ಊರಿನ ಕಾಲೇಜು ಹುಡುಗ ಮನೆಯಲ್ಲಿ 'ಐತೆ' ಅನ್ನುತ್ತಾನೆ, ಸಂದರ್ಶನದಲ್ಲಿ 'ಇದೆ' ಅನ್ನುತ್ತಾನೆ, ಗೆಳೆಯರ ನಡುವೆ ಮತ್ತೆ 'ಐತೆ ಮಗಾ' ಅನ್ನುತ್ತಾನೆ. ಒಂದು ಕಾಲಕ್ಕೆ ಜಾತಿಯ ಗುರುತಾಗಿದ್ದ ರೂಪ ಈಗ 'ಲೋಕಲ್' ಎಂಬ ಹೆಮ್ಮೆಯ ಗುರುತಾಗಿದೆ. ತೆಲುಗು ಮನೆಮಾತಿನ ಹುಡುಗನೂ ಅದನ್ನು ಅಷ್ಟೇ ಸಲೀಸಾಗಿ ಬಳಸುತ್ತಾನೆ.

ಹೊರಗಿನ ಭಾಷೆಗಳು ಈ ಕಡೆಗೆ ಹೊಸವಲ್ಲ. ಯಲಹಂಕದ ವಾಯುಪಡೆ ನೆಲೆ 1963ರದು, ರೈಲು ಗಾಲಿ ಕಾರ್ಖಾನೆ 1984ರದು. ಅವುಗಳ ವಸತಿಗೃಹಗಳಲ್ಲಿ ಹಿಂದಿ ಆಗಲೇ ನೆಲೆಸಿತ್ತು. ಆದರೆ ಅದು ಕಾಂಪೌಂಡಿನ ಒಳಗಿನ ಹಿಂದಿ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿಯ ಹೊಲಗಳು ಸೈಟುಗಳಾದವು, ಜಾಲ ಹೋಬಳಿಯಲ್ಲಿ ವೈಮಾನಿಕ ಉದ್ಯಮಗಳ ಪಾರ್ಕ್ ಬಂತು. ಆಗ ಹಿಂದಿ ಬೀದಿಗಿಳಿಯಿತು, ಹೋಟೆಲಿನ ಗಲ್ಲಾಪೆಟ್ಟಿಗೆಯವರೆಗೆ ಬಂತು.

ಊರಮಾತಿಗೂ ಹೊಸಬರ ಮಾತಿಗೂ ನಡುವಿನ ಘರ್ಷಣೆ ಚೆನ್ನಾಗಿ ಕೇಳಿಸುವುದು ಸಂಬೋಧನೆಯಲ್ಲಿ. ಹಳ್ಳಿಯ ಚಾ ಅಂಗಡಿಯಲ್ಲಿ ಹಿರಿಯ ಗಿರಾಕಿಗೆ "ಬಾರಣ್ಣ, ಕುಂತ್ಕೊಳಣ್ಣ" ಎನ್ನುವುದು ವಾಡಿಕೆ. ಕ್ರಿಯಾಪದ ಏಕವಚನದಲ್ಲಿದ್ದರೂ 'ಅಣ್ಣ' ಸೇರಿದರೆ ಮರ್ಯಾದೆಗೆ ಕೊರತೆಯಿಲ್ಲ. ನಗರದ 'ಕನ್ನಡ ಕಲಿ' ತರಗತಿಯಲ್ಲಿ "ಬನ್ನಿ, ಕೂತ್ಕೊಳ್ಳಿ" ಎಂದು ಕಲಿತು ಬಂದವನಿಗೆ ಅದೇ ಏಕವಚನ ಒರಟಾಗಿ ಕೇಳುತ್ತದೆ. ಅವನು ಆಟೋದವನನ್ನು 'ಭಯ್ಯಾ' ಎಂದಾಗ ಆಟೋದವನ ಮುಖ ಗಂಟಾಗುತ್ತದೆ. ಚಾ ಅಂಗಡಿಯವನೂ ಇವನೂ ಕರೆದದ್ದು ಅಣ್ಣನೆಂದೇ. ಆದರೆ ಒಂದು ಕರೆ ಕೇಳುಗನನ್ನು ಊರಿನವನಾಗಿ ಗುರುತಿಸಿದರೆ, ಇನ್ನೊಂದು ಅವನು ಯಾವ ಊರಿನವನಾದರೂ ವ್ಯತ್ಯಾಸವಿಲ್ಲ ಎಂಬಂತೆ ಕೇಳಿಸುತ್ತದೆ. ಐಟಿ ಕಚೇರಿಯ 'ಬ್ರೋ' ಮಾತ್ರ ಎರಡೂ ಕಡೆ ಹೇಗೋ ಪಾರಾಗುತ್ತದೆ. ಜಾವಾದಲ್ಲಿ ಇಂಡೊನೇಷ್ಯನ್ ಮಾಡಿದ ಕೆಲಸದ ಒಂದು ತುಣುಕನ್ನು ಅದು ಇಲ್ಲಿ ಮಾಡುತ್ತಿದೆ.

ಹಲವು ಭಾಷೆಗಳು ಒಟ್ಟಿಗೆ ಬಾಳಿದ ಮಾತ್ರಕ್ಕೆ ಗುರುತು ಅಳಿಸಿಹೋಗುವುದಿಲ್ಲ ಎಂಬುದಕ್ಕೆ ಗಡಿಯಾಚೆಯ ಕುಪ್ವಾಡವೂ ಸಾಕ್ಷಿ. ಸಾಂಗ್ಲಿ ಜಿಲ್ಲೆಯ ಆ ಊರಿನ ಕನ್ನಡ, ಮರಾಠಿ, ಉರ್ದುಗಳನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅಭ್ಯಸಿಸಿ 1971ರಲ್ಲಿ ಲೇಖನ ಪ್ರಕಟಿಸಿದರು. ವಾಕ್ಯದ ಕಟ್ಟು ಮೂರರಲ್ಲೂ ಬಹುಮಟ್ಟಿಗೆ ಒಂದಾಗಿತ್ತು, ಪದಗಳು ಮಾತ್ರ ಬೇರೆಬೇರೆ ಉಳಿದಿದ್ದವು. ಮನೆಯಲ್ಲಿ ಜೈನರು ಕನ್ನಡವನ್ನೂ ಮುಸ್ಲಿಮರು ಉರ್ದುವನ್ನೂ ಬಿಡಲಿಲ್ಲ. ಗುಂಪುಗಳ ನಡುವಣ ವ್ಯವಹಾರ ಮರಾಠಿಯಲ್ಲಿ ಸಾಗುತ್ತಿತ್ತು.

ಚಿಕ್ಕಜಾಲದ ತೆಲುಗು ಕುಟುಂಬಗಳ ಏರ್ಪಾಡೂ ಇದೇ ಮಾದರಿಯದು: ಒಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ. ತಮಿಳು ಮನೆಮಾತಿನ ಮಾಸ್ತಿ, ಮರಾಠಿ ಮನೆಮಾತಿನ ಬೇಂದ್ರೆ ಕನ್ನಡದ ದೊಡ್ಡ ಲೇಖಕರಾದದ್ದು ಇಂಥದೇ ವ್ಯವಸ್ಥೆಯಲ್ಲಿ. ಇಂದಿನ ಅಸಮಾಧಾನಕ್ಕೆ ಕಾರಣ ಮನೆಯೊಳಗಿನ ಪರಭಾಷೆಯಲ್ಲ. ಅಂಗಡಿ, ಬ್ಯಾಂಕು, ಅಪಾರ್ಟ್‌ಮೆಂಟಿನ ಗೇಟು ಮುಂತಾಗಿ ಕನ್ನಡದ ಪಾಲಿಗಿದ್ದ ಜಾಗಗಳಲ್ಲಿ ಹಿಂದಿ, ಇಂಗ್ಲಿಷ್ ಕೂತಿರುವುದು. 1982ರ ಗೋಕಾಕ್ ಚಳವಳಿ ಶಾಲೆಯ ಪ್ರಥಮ ಭಾಷೆಗಾಗಿ ನಡೆಯಿತು. ನಾಲ್ಕು ದಶಕಗಳ ನಂತರದ ಹೋರಾಟ ಫಲಕಕ್ಕಾಗಿ ನಡೆದದ್ದು ಈ ಸ್ಥಳಾಂತರವನ್ನೇ ತೋರಿಸುತ್ತದೆ.

ಜನಗಣತಿ ಪ್ರತಿಯೊಬ್ಬರ ಮಾತೃಭಾಷೆಯನ್ನೂ ಬಲ್ಲ ಇನ್ನೆರಡು ಭಾಷೆಗಳನ್ನೂ ಕೇಳುತ್ತದೆ. ಯಾವ ಭಾಷೆಯನ್ನು ಯಾರೊಡನೆ, ಎಲ್ಲಿ ಆಡುತ್ತೀರಿ ಎಂದು ಕೇಳುವುದಿಲ್ಲ. ಹಾಗಾಗಿ ಅದರ ಲೆಕ್ಕದಲ್ಲಿ ಜಾಲ ಹೋಬಳಿಯ ತೆಲುಗು ರೈತನೂ ಕಳೆದ ವರ್ಷ ಹೈದರಾಬಾದಿನಿಂದ ಬಂದ ಎಂಜಿನಿಯರನೂ ಒಂದೇ ಕಾಲಮ್ಮಿನಲ್ಲಿ ಬೀಳುತ್ತಾರೆ. ಉತ್ತರ ಬೆಂಗಳೂರಿನ ಮುಂದಿನ ಅಧ್ಯಯನಗಳು ಹೊಸ್ತಿಲಿನಾಚೆಯ ಮಾತನ್ನು, ಅದರಲ್ಲೂ ಸಂಬೋಧನೆಯ ರೂಪಗಳನ್ನು, ತಲೆಮಾರುಗಳ ಪ್ರಕಾರ ದಾಖಲಿಸಿದರೆ ಈ ಇಬ್ಬರ ನಡುವಣ ಅಂತರ ಲೆಕ್ಕಕ್ಕೆ ಸಿಗುತ್ತದೆ.