ಸ್ವಾಮಿಗಳು ಸೋತ ಕೇಸು

ಕಾನೂನು ಓದಿದ ಗೆಳೆಯರ ಮುಂದೆ ‘ಕೇಶವಾನಂದ ಭಾರತಿ’ ಅಂದರೆ ಸಾಕು, ಸಂವಿಧಾನವನ್ನು ಉಳಿಸಿದ ಕೇಸು ಅಂತ ಶುರುಮಾಡುತ್ತಾರೆ. ಸರಿ, ಕೇಸು ಹಾಕಿದ ಸ್ವಾಮಿಗಳಿಗೆ ಏನು ಸಿಕ್ಕಿತು ಅಂತ ಕೇಳಿ ನೋಡಿ, ತಡವರಿಸುತ್ತಾರೆ.

ಎಡನೀರು ಮಠ ನಮ್ಮ ಕಡೆಯವರಿಗೆ ಯಕ್ಷಗಾನದಿಂದಲೇ ಪರಿಚಯ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದರಿಂದ ಮಠದ ಭೂಮಿಗೆ ಕೇರಳದ ಭೂಸುಧಾರಣಾ ಕಾಯ್ದೆ ತಗುಲಿಕೊಂಡಿತು. 1970ರ ಮಾರ್ಚಿನಲ್ಲಿ ಸ್ವಾಮಿಗಳು ಸುಪ್ರೀಂ ಕೋರ್ಟಿಗೆ ಹೋದರು. ಆಗ ಆಸ್ತಿ ಮೂಲಭೂತ ಹಕ್ಕಾಗಿತ್ತು. ಮೂಲಭೂತ ಹಕ್ಕುಗಳನ್ನು ಸಂಸತ್ತು ಮುಟ್ಟುವಂತಿಲ್ಲ ಅಂತ 1967ರ ಗೋಲಕನಾಥ್ ತೀರ್ಪು ಹೇಳಿತ್ತು. ಇಂದಿರಾ ಗಾಂಧಿ ಸರ್ಕಾರ ಸುಮ್ಮನಿರಲಿಲ್ಲ. ಸ್ವಾಮಿಗಳ ಕೇಸು ನಡೆಯುತ್ತಿರುವಾಗಲೇ ತಿದ್ದುಪಡಿಗಳ ಮೇಲೆ ತಿದ್ದುಪಡಿ ತಂದಿತು. ಮಠದ ಜಮೀನಿನ ಜಗಳ ಹೋಗಿ, ಸಂಸತ್ತಿಗೆ ಮಿತಿ ಇದೆಯೋ ಇಲ್ಲವೋ ಅನ್ನೋದೇ ಕೇಸಾಯಿತು.

13 ನ್ಯಾಯಮೂರ್ತಿಗಳು, 68 ದಿನ ವಾದ. 1973ರ ಏಪ್ರಿಲ್ 24ರಂದು 7–6ರ ತೀರ್ಪು ಬಂತು: ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ರಚನೆಯನ್ನು ಕೆಡವುವಂತಿಲ್ಲ. ಆಸ್ತಿ ಹಕ್ಕು ಆ ಮೂಲ ರಚನೆಯೊಳಗೆ ಬರುವುದಿಲ್ಲ ಅಂದವರು, ಆ ಏಳರಲ್ಲೇ ಒಬ್ಬರಾದ ಎಚ್.ಆರ್. ಖನ್ನಾ. ಕೇರಳದ ಕಾಯ್ದೆಗಳಿಗೆ ರಕ್ಷಣೆ ಕೊಟ್ಟಿದ್ದ 29ನೇ ತಿದ್ದುಪಡಿಯೂ ಉಳಿಯಿತು. ಅಂದರೆ, ಸ್ವಾಮಿಗಳು ಸೋತರು.

ಇದಕ್ಕೆ ನಾನು ಮರುಗಲಾರೆ. ನನ್ನಜ್ಜ ಗೇಣಿ ಒಕ್ಕಲು. 1974ರಲ್ಲಿ ಅರಸರ ಕಾಲದ ಕಾನೂನು ಬಂದ ಮೇಲೆ ಡಿಕ್ಲರೇಶನ್ ಕೊಟ್ಟು ಗದ್ದೆ ಮಾಡಿಕೊಂಡವರು. ಧಣಿಯ ಆಸ್ತಿ ಹಕ್ಕು ಅಷ್ಟು ಗಟ್ಟಿಯಾಗಿದ್ದರೆ ನಾನು ಬಿಇ ಮಾಡೋದು ಅಷ್ಟರಲ್ಲೇ ಇತ್ತು. ಆದರೆ ಕೊಡುವ ಕೈ ಕಿತ್ತುಕೊಳ್ಳಲೂ ಬಲ್ಲದಲ್ಲ?

ತೀರ್ಪಿನ ಮರುದಿನವೇ ಅದು ಗೊತ್ತಾಯಿತು. ಸರ್ಕಾರಕ್ಕೆ ಮಿತಿ ಇದೆ ಅಂದವರಲ್ಲಿ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಆ ಮೂವರಲ್ಲಿ ನಮ್ಮ ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆಯವರೂ ಒಬ್ಬರು. ಮೂವರೂ ರಾಜೀನಾಮೆ ಕೊಟ್ಟರು. ತುರ್ತುಪರಿಸ್ಥಿತಿಯಲ್ಲಂತೂ ಪ್ರಧಾನಿಯ ಚುನಾವಣೆಯನ್ನು ಕೋರ್ಟು ಕೇಳಲೇಬಾರದು ಅನ್ನುವ ತಿದ್ದುಪಡಿಯೇ ಬಂತು. 1975ರ ನವೆಂಬರಿನಲ್ಲಿ ಅದೇ ರೇ ಅವರ ಪೀಠ ಆ ಭಾಗವನ್ನು ಹೊಡೆದುಹಾಕಿದ್ದು ಮೂಲ ರಚನೆಯ ಮಾತು ಹಿಡಿದೇ. ಗದ್ದೆ ಉಳಿಸದ ತೀರ್ಪು ಅಲ್ಲಿ ಕೆಲಸಕ್ಕೆ ಬಂತು.

1978ರ 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳಿಂದ ತೆಗೆದು 300ಎ ವಿಧಿಗೆ ಕಳಿಸಿತು. ಮಾಡಿದ್ದು ಜನತಾ ಸರ್ಕಾರ. ಆಗ ಲೋಕಸಭೆಯ ಸ್ಪೀಕರ್ ಇದೇ ಹೆಗ್ಡೆಯವರು! ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ತೆಗೆದುಕೊಳ್ಳುವಂತಿಲ್ಲ ಅನ್ನುತ್ತದೆ ಆ ವಿಧಿ, ಒಂದೇ ಸಾಲು. ನಾಳೆ ರಸ್ತೆ ಅಗಲ ಮಾಡೋರು ಬಂದು ಅಜ್ಜನ ಗದ್ದೆಯಲ್ಲಿ ಕಲ್ಲು ನೆಟ್ಟರೆ, ‘ಆರ್ಡರ್ ಎಲ್ಲಿದೆ ಸ್ವಾಮಿ?’ ಅಂತ ಅಪ್ಪ ಕೇಳಬಹುದಾದ್ದು ಆ ಸಾಲಿನ ಬಲದಿಂದ.